ಎಡಗಡೆಯಿಂದ ಎರಡನೆಯವಳು

...ಅಲ್ಲ ಫಿಲೋನ್, ಮುಂದಿನ ಸಾಲಲ್ಲಿ ಎಡಗಡೆಯಿಂದ ಎರಡನೆಯವಳು. ನೀನು ನೋಡ್ಕೊಂಡು ಬಂದಿರೋದು ಇನ್ಯಾರನ್ನೋ. ಅಷ್ಟು ಜನ ಕಲ್ಲಿನ ಹುಡುಗೀರು ಗುಡಿ ಚಾವಣಿ ಹೊತ್ಕೊಂಡು ನಿಂತಿದ್ರೆ ಯಾರಿಗಾದ್ರೂ ಗೊಂದಲವೇ.

ಯಾಕೆ ನಗ್ತೀಯ? ಮೂಗು ಅವಳದ್ದಲ್ಲ ಅಂತಾನಾ? ಸರಿ, ಮೂಗನ್ನ ಶಿಲ್ಪಿ ತಿದ್ದಿದಾನೆ. ನನ್ನ ಮಗಳಿಗೆ ನನ್ನ ಮೂಗೇ, ಮೊಂಡು. ದೇವಿ ಗುಡಿಗೆ ಅದು ಆಗಲ್ವಂತೆ. ಜಡೆ ಮಾತ್ರ ನಮ್ಮ ಲಿಸಿಲ್ಲಾದೇ. ಕಲ್ಲಿನ ಕತ್ತು ತೆಳು, ಚಾವಣಿ ಭಾರ ತಡೆಯಲ್ಲ, ಹಿಂದೆ ಜಡೆ ದಪ್ಪ ಬಿಟ್ರೆ ಕಲ್ಲು ಮುರಿಯಲ್ಲ ಅಂದ. ಅದನ್ನ ಕೇಳಿ ಇವಳಿಗೆ ನಗುವೋ ನಗು.

ನಿಮ್ಮ ಹಡಗುಗಳು ಸಿಸಿಲಿಗೆ ಯುದ್ಧಕ್ಕೆ ಹೊರಟವಲ್ಲ, ಅದೇ ಬೇಸಿಗೆ. ಆ ಶಿಲ್ಪಿ ಬಾವಿ ಹತ್ರ ಇವಳನ್ನ ನೋಡಿ, ಇವಳನ್ನೇ ಕೆತ್ತಬೇಕು ಅಂತ ಮನೆಗೇ ಬಂದ, ಪುಣ್ಯಾತ್ಮ. ಮದುವೆ ಗೊತ್ತಾದ ಹುಡುಗಿ, ನಡಿಯಯ್ಯಾ ಅಂತ ಬೈದೆ. ಇವಳೇ ಅಡ್ಡ ಬಂದಳು. ‘ಅಮ್ಮಾ, ಫಿಲೋನ್ ವಾಪಸ್ ಬಂದು ದೇವಿಗೆ ಕೈಮುಗಿಯೋಕೆ ಹೋಗ್ತಾನಲ್ಲ, ಆಗ ಮೊದಲು ನಾನು ಕಾಣಬೇಕು’ ಅಂತ.

ತಿನ್ನಪ್ಪಾ. ಬಾರ್ಲಿ ರೊಟ್ಟಿ, ಒಣಗಿದ ಅಂಜೂರ, ಇಷ್ಟೇ ಇರೋದು. ಆ ಸಿರಾಕ್ಯೂಸಿನವರು ನಿಮ್ಮನ್ನ ಕಲ್ಲುಗಣೀಲಿ ಕೂಡಿಹಾಕಿ ಏನು ಕೊಡ್ತಿದ್ರೋ... ಬೇಡ, ಹೇಳಬೇಡ.

ಅವಳಾ? ಆಗಲೇ ಹೇಳಿದ್ನಲ್ಲ. ಚಿಕ್ಕಮ್ಮನ ಊರಿಗೆ ಹೋಗಿದಾಳೆ, ಬ್ರೌರೋನಿಗೆ. ಆಲಿವ್ ಕೀಳೋ ಕಾಲ, ಅವರಿಗೆ ಜನ ಬೇಕಿತ್ತು. ಬರ್ತಾಳೆ. ನಾಳೆನೂ ಬಾ ನೀನು, ಇಲ್ಲೇ ಊಟ ಮಾಡು. ನಾಡಿದ್ದೂ ಬಾ. ಅಷ್ಟರಲ್ಲಿ...

ಯಾಕೆ ಹಾಗೆ ನೋಡ್ತೀಯ?

ಹೌದು, ಹೊರಗೆ ಸ್ಪಾರ್ಟಾದವರು ಬೀಡುಬಿಟ್ಟಿದಾರೆ. ಆಲಿವ್ ಮರ ಎಲ್ಲಾ ಕಡಿದಿದಾರೆ. ಕೋಟೆ ಬಾಗಿಲು ದಾಟಿ ಯಾರೂ ಹಳ್ಳಿಗೆ ಹೋಗಲ್ಲ, ನನಗೂ ಗೊತ್ತು. ಅವಳು ಮುಂಚೆ... ಮುಂಚೆನೇ ಹೋದಳು.

ಫಿಲೋನ್, ರೊಟ್ಟಿ ಕೆಳಗಿಡಬೇಡ.

...ಹೋದ ಚಳಿಗಾಲ. ಹಳ್ಳಿಯವರೆಲ್ಲ ಅಥೆನ್ಸಿಗೆ ಬಂದು ತುಂಬ್ಕೊಂಡಿದ್ರು, ಓಣಿ ಓಣೀಲೂ ಜ್ವರ. ನೀವೆಲ್ಲ ಸತ್ರಿ ಅಂತ ಸುದ್ದಿ ಬಂದಾಗ ಕೂದಲು ಕತ್ತರಿಸಿಕೊಂಡಿದ್ದಳು, ಅದು ಇನ್ನೂ ಕಿವಿ ಮುಚ್ಚೋಷ್ಟೂ ಬೆಳೆದಿರಲಿಲ್ಲ. ‘ತಲೆ ಭಾರ, ಇಳಿಸಮ್ಮಾ’ ಅಂತಿದ್ಲು. ಏನನ್ನ ಇಳಿಸಲಿ ಹೇಳು? ಒದ್ದೆ ಬಟ್ಟೆ ಹಾಕಿದ್ದೆ, ತೆಗೆದೆ. ಇನ್ನೂ ಇಳಿಸು ಅಂದಳು. ಬೆಳಗಾಗೋದರೊಳಗೆ ಅದನ್ನೂ ನಿಲ್ಲಿಸಿದಳು.

ಇದನ್ನ ಹೇಳಿದ್ರೆ ನೀನು ಎದ್ದು ಹೋಗ್ತೀಯ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ಬೇರೇನೂ ಅಲ್ಲ.

ನೋಡು, ಎದ್ದೇಬಿಟ್ಟೆ. ಎಲ್ಲಿಗೆ ಹೋಗ್ತೀಯ? ನೀನೂ ಇಲ್ಲ ಅಂದ್ಕೊಂಡು ನಿಮ್ಮ ಮನೇಲಿ ಹಳ್ಳಿಯಿಂದ ಬಂದೋರು ಸಂಸಾರ ಹೂಡಿದಾರೆ. ಒಂದು ಮಗೂನೂ ಆಗಿದೆ ಅವರಿಗೆ.

ಹೀಗೆ ಬಾಗಿಲಲ್ಲಿ ನಿಲ್ಲಬೇಡ ಫಿಲೋನ್. ಒಳಗೆ ಬಾ. ಇಲ್ಲಾ, ಹೋಗು.