ಟ್ಯಾಂಕರಿನ ದೀಕ್ಷಾಸ್ನಾನ

ಹೈದರಾಬಾದಿನ ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ಬೀದರ ಕಡೆಯ ಇಬ್ಬರು ಬೀಗರು ಜಗಳಕ್ಕಿಳಿದಿದ್ದರು. ಹೆಣ್ಣಿನ ಅಪ್ಪ ಸಮುವೇಲಪ್ಪ ಮೆಥೊಡಿಸ್ಟ್ ಕ್ರೈಸ್ತರು. ಗಂಡಿನ ತಾಯಿ ಎಸ್ತೇರಮ್ಮ ಈಗ ಪೆಂತೆಕೊಸ್ತ್ ಪಂಗಡ ಸೇರಿದವರು. ಬಸ್ಸು ಬರದೆ ನನಗೂ ತಲೆ ಕೆಟ್ಟಿತ್ತು. ಕೇಳುತ್ತ ನಿಂತೆ.

“ಹುಡುಗಿ ನೀರಾಗ ಪೂರ್ತಿ ಮುಳುಗಿ ದೀಕ್ಷಾಸ್ನಾನ ತಗೊಂಡ್ರೇ ಮದಿವಿ ಅಂತ ನಮ್ಮ ಪಾಸ್ಟರ್ ಹೇಳ್ಯಾರ,” ಅಂದರು ಎಸ್ತೇರಮ್ಮ.

“ಕೂಸಿದ್ದಾಗೇ ನಮ್ಮ ಪಾದ್ರಿ ತಲಿ ಮ್ಯಾಲ ನೀರು ಹಾಕ್ಯಾರಲ್ರಿ.”

“ಆ ನಾಕು ಹನಿ ಲೆಕ್ಕಕ್ಕಿಲ್ಲಂತ.”

“ಹೈಟೆಕ್ ಸಿಟಿ ಕಾರಂಜಿಗೆ ನೀರದ, ನಮ್ಮ ಓಣಿಗೆ ಕುಡ್ಯಾಕಿಲ್ಲ. ಮುಳುಗಾಕ ಎಲ್ಲಿಂದ ತರ್ತೀರಿ?”

“ಚರ್ಚಿನ ತೊಟ್ಟಿಗೆ ನಾನೇ ಟ್ಯಾಂಕರ್ ಹೇಳೀನಿ.”

“ಯೇಸು ಮುಳುಗಿದ ಯೊರ್ದಾನ್ ಹೊಳಿ ಈಗ ಟ್ಯಾಂಕರಿನಾಗ ಬರ್ತದೇನು?”

“ದೇವರ ಕೆಲಸಕ್ಕ ನಗಬ್ಯಾಡ್ರಿ.”

“ನಗಂಗಿಲ್ಲ. ಬೀಗತೇರ, ನಿಮ್ಮ ಮದಿವಿ ಯಾವ ಚರ್ಚಿನಾಗ ಆಯ್ತು?”

“ಊರಾಗ, ನಿಮ್ಮ ಮೆಥೊಡಿಸ್ಟ್ ಚರ್ಚಿನಾಗ.”

“ಆಗ ನೀವು ಗಂಡ ಹೆಂಡ್ತಿ ಮುಳುಗಿದ್ರೇನು?”

“ಇಲ್ಲ.”

“ಹಂಗಾದ್ರ ಆ ಮದಿವಿ ಲೆಕ್ಕಕ್ಕದೋ ಇಲ್ಲೋ, ಮೊದಲು ಪಾಸ್ಟರನ್ನ ಕೇಳ್ರಿ. ನಿಮ್ಮ ಮಗನ ಮಾತು ಆಮ್ಯಾಲ.”

ಎಸ್ತೇರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬಸ್ಸು ಬಂತು.

“ಮದಿವಿ ನಿಮ್ಮ ಚರ್ಚಿನಾಗೇ ಇಡ್ರಿ. ಟ್ಯಾಂಕರಿನವ ಕೈಕೊಟ್ಟ ಅಂತ ಪಾಸ್ಟರಿಗೆ ನಾ ಹೇಳ್ತೀನಿ.”

ಇಬ್ಬರೂ ಹತ್ತಿದರು. ನನಗೆ ಕಾಲಿಡಲೂ ಜಾಗ ಸಿಗಲಿಲ್ಲ.