ಅರವತ್ತೊಂದು ಉಲ್ಲೇಖ, ಏಳು ಕುಂಡ ಮಲ್ಲಿಗೆ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಒಬ್ಬ ಸಂಪಾದಕರ ಮೇಜಿಗೆ ಎರಡು ಪತ್ರ ಬಂದವು.

ಇವತ್ತಿನ ದೃಷ್ಟಾಂತ ಇಲ್ಲಿಂದ ಶುರು. ಇದರಲ್ಲಿ ರಾಜನಿಲ್ಲ, ಸಾಹುಕಾರನಿಲ್ಲ, ತಪಸ್ಸಿಗೆ ಕೂತ ಋಷಿಯೂ ಇಲ್ಲ. ಒಂದು ಊರು, ಊರಿಗೊಂದು ವಿಶ್ವವಿದ್ಯಾಲಯ, ಅದರ ಹಳೆಯ ಕಟ್ಟಡದ ಮಹಡಿಯ ಮೇಲೆ ಒಬ್ಬ ಸಂಪಾದಕರು. ಗಿಡಕ್ಕೆ ಬೀಳುವ ಹುಳ, ರೋಗ, ಅದಕ್ಕೆ ಔಷಧ, ಇಂಥ ಸಂಶೋಧನೆಗಳನ್ನು ಅಚ್ಚು ಹಾಕುವ ಪತ್ರಿಕೆ ಅವರದು. ಮೂರು ತಿಂಗಳಿಗೊಂದು ಸಂಚಿಕೆ, ಸಂಚಿಕೆಗೆ ಹತ್ತು ಲೇಖನ. ಅವರ ಗುರುಗಳು ಶುರು ಮಾಡಿದ್ದು. ನಿವೃತ್ತರಾಗುವ ದಿನ ಗುರುಗಳು ಕೈ ಹಿಡಿದು ಹೇಳಿದ್ದರು: 'ಇದು ನಿಲ್ಲಬಾರದಪ್ಪ.' ಅಷ್ಟೇ ಮಾತು. ಆ ಮಾತನ್ನು ಇವರು ಹನ್ನೊಂದು ವರ್ಷದಿಂದ ಹೊತ್ತುಕೊಂಡಿದ್ದರು.

ಮೊದಲನೇ ಪತ್ರ ವಿಶ್ವವಿದ್ಯಾಲಯದ ಸಮಿತಿಯದು. 'ನಿಮ್ಮ ಪತ್ರಿಕೆಯ ಪ್ರಭಾವದ ಅಂಕ ಸೊನ್ನೆ ದಶಮಾಂಶ ನಾಲ್ಕು. ಮುಂದಿನ ಎಣಿಕೆಯಲ್ಲಿ ಒಂದನ್ನು ಮುಟ್ಟದಿದ್ದರೆ ಪತ್ರಿಕೆಯನ್ನು ನಿಲ್ಲಿಸಲಾಗುವುದು.'

ಏನಿದು ಅಂಕ? ಕಾಲೇಜಿನ ಮೇಷ್ಟ್ರುಗಳು ಮುಂದಿನ ಸಾಲಲ್ಲೇ ಕೂತಿದ್ದಾರೆ, ನಾನು ತಪ್ಪಿದರೆ ತಿದ್ದಲಿ. ವಿಜ್ಞಾನಿ ಒಂದು ಲೇಖನ ಬರೆಯುವಾಗ, 'ಈ ವಿಷಯ ನಾನು ಇಂಥವರ ಲೇಖನದಿಂದ ತಿಳಿದೆ' ಎಂದು ಹೆಸರು ಹೇಳುತ್ತಾನೆ. ಅದಕ್ಕೆ ಉಲ್ಲೇಖ ಅಂತಾರೆ. ಎಷ್ಟು ಚೆಂದದ ಪದ್ಧತಿ ನೋಡಿ! ಕಲಿತಿದ್ದನ್ನು ಕಲಿಸಿದವರ ಹೆಸರು ಹೇಳಿ ಬಳಸುವುದು. ಇನ್ನು ಲೆಕ್ಕಕ್ಕೆ ಬನ್ನಿ. ಹಿಂದಿನ ಎರಡು ವರ್ಷದಲ್ಲಿ ಇವರ ಪತ್ರಿಕೆಯಲ್ಲಿ ಬಂದ ಲೇಖನ ಎಂಬತ್ತು. ಈ ಒಂದು ವರ್ಷದಲ್ಲಿ ಅವುಗಳ ಹೆಸರನ್ನು ಹೇಳಿದ್ದು ಮೂವತ್ತೆರಡು ಸಲ. ಮೂವತ್ತೆರಡನ್ನು ಎಂಬತ್ತರಿಂದ ಭಾಗಿಸಿ. ಸೊನ್ನೆ ದಶಮಾಂಶ ನಾಲ್ಕು. ಇಷ್ಟೇ.

ಎರಡನೇ ಪತ್ರ ಒಬ್ಬ ವಿಜ್ಞಾನಿ ಹೆಣ್ಣುಮಗಳದು. ಆಕೆ ಬೇವಿನ ಎಣ್ಣೆಯ ಮೇಲೆ ಬರೆದ ಲೇಖನ ಹಿಂದಿನ ವರ್ಷ ಅಚ್ಚಾಗಿತ್ತು. 'ಸರ್, ನಾನು ಕಳಿಸಿದ ಪ್ರತಿಯಲ್ಲಿ ಸರಿ ಇದೆ. ಅಚ್ಚಾಗುವಾಗ ಪಟ್ಟಿಯ ಎರಡು ಸಾಲು ಅದಲು ಬದಲಾಗಿವೆ. ಎಲೆಗೆ ಸಿಂಪಡಿಸಲು ಲೀಟರ್ ನೀರಿಗೆ ಐದು ಮಿಲಿ. ಕಾಂಡಕ್ಕೆ ಬಳಿಯಲು ಐವತ್ತು. ಅಚ್ಚಿನಲ್ಲಿ ಎಲೆಗೆ ಐವತ್ತು ಎಂದಾಗಿದೆ. ದಯವಿಟ್ಟು ತಿದ್ದುಪಡಿ ಹಾಕಿ.'

ಸಂಪಾದಕರು ಕೆಟ್ಟವರೇ? ಅಲ್ಲ. ಮೊದಲು ಅವರು ಎರಡನೇ ಪತ್ರವನ್ನೇ ಕೈಗೆತ್ತಿಕೊಂಡರು, ಮುಂದಿನ ಸಂಚಿಕೆಗೆ ಎಂದು ಪೆನ್ನಿನಲ್ಲಿ ಗುರುತೂ ಹಾಕಿದರು. ಆಮೇಲೆ ಮೊದಲನೇ ಪತ್ರದ ಕಡೆ ಕಣ್ಣು ಹೋಯಿತು. ಬೇವಿನ ಎಣ್ಣೆಯ ಲೇಖನ ಎಲ್ಲದಕ್ಕೂ ಹೊಂದುತ್ತದೆ. ಬದನೆ, ಗುಲಾಬಿ, ದಾಳಿಂಬೆ, ಯಾರು ಏನೇ ಬರೆದರೂ ಇದನ್ನೊಮ್ಮೆ ಹೆಸರಿಸಬಹುದು. ಇಂಥ ಲೇಖನಕ್ಕೆ ತಪ್ಪೋಲೆ ಹಚ್ಚಿದರೆ ಯಾರು ಹೆಸರಿಸುತ್ತಾರೆ? ಅವರು ಮೇಜಿನ ಖಾನೆ ಎಳೆದರು, ಪತ್ರ ಒಳಗಿಟ್ಟರು, ಮುಚ್ಚಿದರು.

'ಅಂಕ ಬರಲಿ, ಆಮೇಲೆ ಹಾಕೋಣ.'

ಆಮೇಲೆ! ನಾವೆಲ್ಲ ಆಡುವ ಮಾತಲ್ಲವೇ ಇದು?

ಅಂದಿನಿಂದ ಅವರ ಪತ್ರಿಕೆಗೆ ಲೇಖನ ಕಳಿಸಿದವರಿಗೆಲ್ಲ ಒಂದೇ ಉತ್ತರ ಹೋಯಿತು. 'ಲೇಖನ ಚೆನ್ನಾಗಿದೆ. ನಮ್ಮ ಪತ್ರಿಕೆಯ ಕೆಳಗಿನ ನಾಲ್ಕು ಲೇಖನಗಳನ್ನು ಉಲ್ಲೇಖಿಸಿದರೆ ಇನ್ನೂ ಚೆನ್ನಾಗಿರುತ್ತದೆ.' ಪಟ್ಟಿಯ ತಲೆಯ ಮೇಲೆ ಬೇವಿನ ಎಣ್ಣೆ. ಇನ್ನೂ ಚೆನ್ನಾಗಿರುತ್ತದೆ ಎಂದರೆ ಏನರ್ಥ ಅಂತ ಬರೆದವರಿಗೆ ಗೊತ್ತಾಗದೇ? ಹಾಕಿದರು. ಜೇನು ಸಾಕಣೆಯ ಲೇಖನದಲ್ಲೂ ಬೇವಿನ ಎಣ್ಣೆ ಬಂತು, ಅಣಬೆಯ ಲೇಖನದಲ್ಲೂ ಬಂತು.

ಅದೇ ಕಾಲಕ್ಕೆ ಒಂದು ವಿಚಾರ ಸಂಕಿರಣದ ಊಟದ ಪಂಕ್ತಿಯಲ್ಲಿ, ಬೇರೆ ಊರಿನ ಇಬ್ಬರು ಸಂಪಾದಕರು ಇವರ ಪಕ್ಕ ಕೂತರು.

'ಏನು ಸ್ವಾಮಿ, ನಿಮ್ಮದೆಷ್ಟು?' ಅಂದರು ಒಬ್ಬರು.

'ನಾಲ್ಕು.'

'ನಾಲ್ಕಾ!'

'ಹಿಂದೆ ಸೊನ್ನೆ ದಶಮಾಂಶ ಇದೆ.'

'ಹಾಗಾದರೆ ನಮ್ಮ ಬೀಗರೇ ಬಿಡಿ. ನಮ್ಮದು ಮೂರು.' ಆ ಮನುಷ್ಯ ಹಪ್ಪಳ ಮುರಿದರು. 'ಒಂದು ಕೆಲಸ ಮಾಡೋಣ. ನೀವು ನಮ್ಮದನ್ನು ಹೆಸರಿಸಿ, ನಾವು ನಿಮ್ಮದನ್ನು ಹೆಸರಿಸ್ತೀವಿ. ಮುಯ್ಯಿಗೆ ಮುಯ್ಯಿ.'

ಮುಯ್ಯಿ ನಮಗೇನು ಹೊಸದೇ? ಅವರ ಮನೆ ಮದುವೆಗೆ ನಾವು ಸೀರೆ ಕೊಟ್ಟಿದ್ದರೆ, ನಮ್ಮ ಮನೆ ಮದುವೆಗೆ ಅವರು ಸೀರೆ ತರಬೇಕು. ಮದುವೆ ಮನೆಯಲ್ಲಿ ಅದು ಚೆಂದ. ಸತ್ಯವನ್ನು ತೂಗುವ ಕಡೆ ಮುಯ್ಯಿ ಬಂದರೆ?

ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಆ ಹೆಣ್ಣುಮಗಳಿಂದ ಇನ್ನೂ ಮೂರು ಪತ್ರ ಬಂದವು, ಮೂರೂ ಅದೇ ಖಾನೆಗೆ ಹೋದವು. ಜೂನ್ ತಿಂಗಳ ಒಂದು ಮಧ್ಯಾಹ್ನ ಅಂಕ ಪ್ರಕಟವಾಯಿತು. ಎರಡು ದಶಮಾಂಶ ಎರಡು. ನೂರ ಎಪ್ಪತ್ತಾರು ಉಲ್ಲೇಖ! ಅದರಲ್ಲಿ ಬೇವಿನ ಎಣ್ಣೆ ಒಂದಕ್ಕೇ ಅರವತ್ತೊಂದು. ತಿಂಗಳು ಕಳೆದ ಮೇಲೆ ಇಲಾಖೆಯಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು, ಮೈಸೂರುಪಾಕು ಹಂಚಿದರು. ಗುರುಗಳ ಫೋಟೋದ ಮುಂದೆ ನಿಂತು ಸಂಪಾದಕರು ಕಣ್ಣೊರೆಸಿಕೊಂಡರು. ನಿಲ್ಲಲಿಲ್ಲ ಗುರುಗಳೇ, ಎಂದುಕೊಂಡರು. ಹಾರವನ್ನು ಕೈಯಲ್ಲಿ ಹಿಡಿದು ಸಂಜೆ ಮನೆಗೆ ಬಂದರು.

ಹೆಂಡತಿ ತಾರಸಿಯ ಮೇಲಿದ್ದರು. ಆಕೆಗೆ ಅಲ್ಲಿ ಏಳು ಕುಂಡ ದುಂಡುಮಲ್ಲಿಗೆ. ದಿನಾ ಸಂಜೆ ಬಿಡಿಸಿ, ಕಟ್ಟಿ, ದೇವರಿಗೊಂದು ಮೊಳ, ಪಕ್ಕದ ಮನೆಯವರಿಗೊಂದು ಮೊಳ, ಉಳಿದದ್ದು ಮುಡಿಗೆ. ಸಂಪಾದಕರು ಮೆಟ್ಟಿಲು ಹತ್ತಿ ಹೋಗಿ ನೋಡುತ್ತಾರೆ, ಏಳು ಕುಂಡದಲ್ಲೂ ಎಲೆ ಕಂದಿವೆ, ಅಂಚು ಸುಟ್ಟ ಕಾಗದದಂತಾಗಿದೆ, ಮೊಗ್ಗು ಉದುರಿ ನೆಲದ ಮೇಲೆ ಬಿದ್ದಿವೆ.

'ಏನಾಯ್ತೇ ಇದು?'

'ಹಿಟ್ಟು ತಿಗಣೆ ಬಂದಿತ್ತು ರೀ. ಔಷಧಿ ಹೊಡೆದೆ.'

'ಯಾವ ಔಷಧಿ?'

'ಬೇವಿನೆಣ್ಣೆ. ನರ್ಸರಿಯವನನ್ನ ಕೇಳಿದೆ. ಲೀಟರಿಗೆ ಐವತ್ತು ಅಂದ. ಅಷ್ಟೊಂದಾ ಅಂದೆ. ಹೂದೋಟದ ಸಂಘದ ಚೀಟಿ ಕೊಟ್ಟ, ನೀವೇ ನೋಡಿ.'

ನೋಡಿದರು. ಹಸಿರು ಕಾಗದದ ಚೀಟಿ. 'ಎಲೆಗೆ ಸಿಂಪಡಿಸಲು ಲೀಟರಿಗೆ ಐವತ್ತು ಮಿಲಿ. ಈ ಸಂಶೋಧನೆಯನ್ನು ಅರವತ್ತೊಂದು ವಿಜ್ಞಾನಿಗಳು ಉಲ್ಲೇಖಿಸಿದ್ದಾರೆ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪತ್ರಿಕೆಯ ಹೆಸರು. ಯಾರ ಪತ್ರಿಕೆ? ಹೇಳಬೇಕೇ?

ಸಂಪಾದಕರು ನರ್ಸರಿಯವನಿಗೆ ಫೋನ್ ಹಚ್ಚಿದರು.

'ಸರ್, ನಾನಾಗಿದ್ರೆ ಐದೇ ಹಾಕ್ತಿದ್ದೆ,' ಅಂದ ಅವನು. 'ನಮ್ಮಪ್ಪ ಹಾಕ್ತಿದ್ದದ್ದೂ ಐದೇ. ಆದ್ರೆ ಅರವತ್ತೊಂದು ಜನ ಓದಿದೋರು ಐವತ್ತು ಅಂದಮೇಲೆ ನಂದೇನ್ ಸರ್ ನಡೆಯುತ್ತೆ?'

ಹೆಂಡತಿಗೆ ಸಿಟ್ಟು ಬಂದಿತ್ತು, ಆದರೆ ಗಂಡನ ಮುಖ ನೋಡಿ ನಗು ತಡೆಯಲಾಗಲಿಲ್ಲ. 'ಹನ್ನೆರಡು ವರ್ಷದಿಂದ ನಿಮ್ಮ ಪತ್ರಿಕೆ ಈ ಮನೆಗೆ ಬರ್ತಾ ಇದೆ. ಮೊದಲನೇ ಸಲ ಅದರ ಮಾತು ಕೇಳಿದೆ ನೋಡಿ! ಅಲ್ಲಾ ರೀ, ನೀವಾದರೂ ಇದನ್ನ ಓದಿದ್ರಾ?'

ಓದಿದ್ದರೇ? ಪತ್ರ ಬಂದಾಗ ಓದಿದ್ದರು. ಲೇಖನವನ್ನು? ಇಲ್ಲ. ಅರವತ್ತೊಂದು ಸಲ ಎಣಿಸಿದ್ದರು, ಒಂದು ಸಲವೂ ಓದಿರಲಿಲ್ಲ. ಕೈಯಲ್ಲಿದ್ದ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು. ಆಕೆಯೇ ಅದನ್ನು ತೆಗೆದುಕೊಂಡು ನೀರಿನ ಟ್ಯಾಂಕಿನ ನಲ್ಲಿಗೆ ನೇತುಹಾಕಿದರು.

ಮರುದಿನ ಬಾಗಿಲು ತೆಗೆದ ಕೂಡಲೇ ಸಂಪಾದಕರು ಖಾನೆ ಎಳೆದರು. ನಾಲ್ಕೂ ಪತ್ರ ಅಲ್ಲೇ ಇದ್ದವು. ಆ ವಿಜ್ಞಾನಿ ಹೆಣ್ಣುಮಗಳಿಗೆ ಫೋನ್ ಮಾಡಿದರು.

'ಅಮ್ಮಾ, ನಿಮ್ಮ ತಿದ್ದುಪಡಿ...'

'ಸಿಕ್ತಾ ಸರ್? ನಾನು ಅಂಚೆಯವರನ್ನ ಬೈಕೊಂಡಿದ್ದೆ.'

'ಸಿಕ್ಕಿತ್ತು. ನಾನೇ ಇಟ್ಟುಕೊಂಡಿದ್ದೆ.'

'ನನ್ನ ಲೇಖನ ಅರವತ್ತೊಂದು ಸಲ ಉಲ್ಲೇಖ ಆಯ್ತು ಸರ್. ನನ್ನ ಪತ್ರ ಒಂದು ಸಲನೂ ಆಗಲಿಲ್ಲ. ಇಲ್ಲಿ ನನಗೆ ಸನ್ಮಾನ ಮಾಡ್ತೀವಿ ಅಂತ ಬಂದಿದ್ದಾರೆ. ತಪ್ಪು ಪಟ್ಟಿಗೆ ಶಾಲು ಹೊದ್ದುಕೊಂಡು ಕೂತರೆ ನನ್ನ ಮಕ್ಕಳಿಗೆ ಏನು ಹೇಳಲಿ ಸರ್?'

'ನಿನ್ನೆ ನಾನು ಹೊದ್ದುಕೊಂಡು ಕೂತಿದ್ದೆನಮ್ಮ,' ಅಂದರು ಸಂಪಾದಕರು. 'ಬಹಳ ಸೆಕೆ.'

ಆಮೇಲೆ ಅವರು ಬೇವಿನ ಎಣ್ಣೆಯನ್ನು ಹೆಸರಿಸಿದ ಅರವತ್ತೊಂದು ಲೇಖನವನ್ನೂ ತರಿಸಿ ಓದಲು ಕೂತರು. ಇಪ್ಪತ್ತು ಅವರ ಪತ್ರಿಕೆಯವೇ, ಅವರೇ ಹಾಕಿಸಿದ್ದು. ಮೂವತ್ತೆರಡು ಮುಯ್ಯಿಯಿಂದ ಬಂದದ್ದು. ಉಳಿದದ್ದು ಒಂಬತ್ತು. ಆ ಒಂಬತ್ತು ಜನ ನಿಜವಾಗಿ ಓದಿದ್ದರು. ಅವರಲ್ಲಿ ಏಳು ಜನ ಬರೆದಿದ್ದೇನು ಗೊತ್ತೇ? 'ಈ ಪ್ರಮಾಣ ತಪ್ಪಿರುವಂತೆ ಕಾಣುತ್ತದೆ.' ನೋಡಿ, ಎಣಿಕೆಗೆ ಅದೂ ಒಂದೇ, ಇದೂ ಒಂದೇ. ಹೊಗಳಿದರೂ ಒಂದು, ತೆಗಳಿದರೂ ಒಂದು, ಓದದೇ ಬರೆದರೂ ಒಂದು. ಎಣಿಕೆಗೆ ಕಿವಿ ಇಲ್ಲ ತಾಯಂದಿರೇ, ಬೆರಳು ಮಾತ್ರ ಇದೆ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಬಂತು. ತಪ್ಪು ಲೇಖಕಿಯದಲ್ಲ, ಸಂಪಾದಕರದು, ವರ್ಷವಿಡೀ ತಡ ಮಾಡಿದ್ದೂ ಸಂಪಾದಕರೇ ಎಂದು ಸ್ಪಷ್ಟವಾಗಿ ಬರೆದರು. ಅರವತ್ತೊಂದು ಜನಕ್ಕೂ ಕಾಗದ ಹಾಕಿದರು. ಇಪ್ಪತ್ತೊಂಬತ್ತು ಉತ್ತರ ಬಂದವು. ಏಳು ಜನ, ನಾವು ಆಗಲೇ ಹೇಳಿದ್ದೆವಲ್ಲ ಎಂದರು. ಹತ್ತೊಂಬತ್ತು ಜನ, ಓದದೇ ಹೆಸರಿಸಿದ್ದು ನಿಜ ಎಂದು ಒಪ್ಪಿಕೊಂಡರು. ಇಬ್ಬರು, ಯಾವ ಲೇಖನ ಎಂದು ಕೇಳಿದರು. ಒಬ್ಬರು, 'ಸರ್, ಹಾಗಾದರೆ ಇದರ ಬದಲು ಯಾವುದನ್ನು ಹಾಕಲಿ?' ಎಂದು ಕೇಳಿದರು.

ಅಂಕ ಎಣಿಸುವ ಸಂಸ್ಥೆಗೂ ಸಂಪಾದಕರೇ ಬರೆದು ತಿಳಿಸಿದರು. ಆ ವರ್ಷ ಮುಯ್ಯಿ ಹಾಕಿಕೊಂಡ ಮೂರೂ ಪತ್ರಿಕೆಗಳ ಅಂಕವನ್ನು ಸಂಸ್ಥೆ ತೆಗೆದುಹಾಕಿತು. ಹಪ್ಪಳ ಮುರಿದಿದ್ದವರು ಫೋನ್ ಮಾಡಿ, 'ಮುಯ್ಯಿ ಹಾಕಿದ್ದಕ್ಕೆ ಇದೇನಾ ಮರ್ಯಾದೆ?' ಎಂದು ಕೂಗಾಡಿದರು. ಅಲ್ಲಿಗೆ ಆ ನೆಂಟಸ್ತನ ಮುಗಿಯಿತು.

ಇನ್ನು ಉಳಿದದ್ದು ವಿಶ್ವವಿದ್ಯಾಲಯದ ಸಮಿತಿ. ಸಂಪಾದಕರು ಕೈಯಲ್ಲೊಂದು ಕಡತ ಹಿಡಿದು ಹೋಗಿ ನಿಂತರು. ಗುರುಗಳಿಗೆ ಕೊಟ್ಟ ಮಾತು ಇವತ್ತಿಗೆ ಮುಗಿಯಿತು ಎಂದೇ ಅವರ ಎಣಿಕೆ.

'ಅಂಕ ಎಷ್ಟು?' ಅಂದರು ಅಧ್ಯಕ್ಷರು.

'ಇಲ್ಲ ಸರ್.'

'ಒಂದಕ್ಕಿಂತ ಕಡಿಮೆಯೋ?'

'ಅಂಕವೇ ಇಲ್ಲ ಸರ್.'

'ಮತ್ತೆ ಪತ್ರಿಕೆ ಯಾಕೆ ಇಟ್ಟುಕೊಳ್ಳಬೇಕು ಹೇಳಿ?'

ಸಂಪಾದಕರು ತಿದ್ದುಪಡಿಯ ಪುಟ ಇಟ್ಟರು. ಅದರ ಪಕ್ಕ, ಓದದೇ ಹೆಸರಿಸಿದ ಐವತ್ತೆರಡು ಲೇಖನಗಳ ಪಟ್ಟಿ ಇಟ್ಟರು. ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಬಂದರು. ಹದಿನೇಳನೆಯದರ ಹತ್ತಿರ ಬೆರಳು ನಿಂತಿತು. ಆ ಲೇಖನ ಬರೆದವರು ಮೂವರು. ಮೂರನೇ ಹೆಸರು ಅಧ್ಯಕ್ಷರದು.

ಅವರು ಒಮ್ಮೆ ಕೆಮ್ಮಿದರು. ನೀರು ಕುಡಿದರು.

'ಇನ್ನೊಂದು ವರ್ಷ ನೋಡೋಣ,' ಅಂದರು.

ನಗ್ತಿದ್ದೀರಿ. ನಗಿ, ನಗಬೇಕಾದದ್ದೇ. ಆದರೆ ಆ ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟನೆಯದು ಅಂತ ಯೋಚನೆ ಮಾಡಿದಿರಾ? ಇವತ್ತು ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಬಂದದ್ದನ್ನು ಎಷ್ಟು ಜನ ಪೂರ್ತಿ ಓದಿ ಮುಂದಕ್ಕೆ ಕಳಿಸಿದಿರಿ? ಓದದೇ ಎಷ್ಟು ಜನ ಕಳಿಸಿದಿರಿ? ಅವರು ನಮ್ಮ ಫೋಟೋಗೆ ಹೆಬ್ಬೆರಳು ಒತ್ತಿದರು ಅಂತ ನಾವು ಅವರದ್ದಕ್ಕೆ ಒತ್ತಲಿಲ್ಲವೇ? ಅದೇ ಮುಯ್ಯಿ. 'ಎಲ್ಲರೂ ಅಂತಾರೆ' ಅಂತ ನಾವು ಒಂದು ಮಾತು ನಂಬುವಾಗ, ಆ ಎಲ್ಲರಲ್ಲಿ ಓದಿದ ಒಂಬತ್ತು ಜನ ಯಾರು ಅಂತ ಒಮ್ಮೆಯಾದರೂ ಕೇಳಿದ್ದೇವೆಯೇ?

ಎಣಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಜ್ವರ ಬಂದಾಗ ಅಳೆಯಬೇಕು. ಆದರೆ ಜ್ವರ ಇಳಿಯಲಿ ಅಂತ ಜ್ವರಮಾಪಕವನ್ನು ತಣ್ಣೀರಿಗೆ ಅದ್ದಿದರೆ ಮಗು ಗುಣವಾಗುತ್ತದೆಯೇ?

ನಾಳೆಯಿಂದ ಇಷ್ಟು ಮಾಡಿ. ಓದದ್ದನ್ನು ಕಳಿಸಬೇಡಿ. ಮಗ ಶಾಲೆಯಿಂದ ಬಂದರೆ ಎಷ್ಟು ಬಂತು ಅನ್ನುವ ಮೊದಲು ಏನು ಕಲಿತೆ ಅಂತ ಕೇಳಿ. ಸಾರು ಚೆನ್ನಾಗಿದೆ ಅಂತ ಯಾರಾದರೂ ಅಂದರೆ, ಇದು ನಮ್ಮತ್ತೆ ಕಲಿಸಿದ್ದು ಅಂತ ಹೆಸರು ಹೇಳಿ, ಅದೇ ಉಲ್ಲೇಖ. ಮತ್ತೆ, ನಿಮ್ಮ ಖಾನೆಯಲ್ಲೂ ಒಂದು ಪತ್ರ ಇರುತ್ತದೆ. ತಮ್ಮನ ಹತ್ತಿರ ಆಡಿದ ತಪ್ಪು ಮಾತೋ, ನಾಲ್ಕು ಜನರ ಮುಂದೆ ನೆರೆಯವರ ಮೇಲೆ ಹೊರಿಸಿದ ಅಪವಾದವೋ. ಅದನ್ನು ಇವತ್ತೇ ತೆಗೆಯಿರಿ. ನಾಲ್ಕು ಜನರ ಮುಂದೆ ತಪ್ಪಿದ್ದರೆ ಆ ನಾಲ್ಕು ಜನರ ಮುಂದೆಯೇ ತಿದ್ದಿ, ಮೂಲೆಯಲ್ಲಲ್ಲ.

ನನಗೂ ಇದು ಸಲ್ಲುತ್ತದೆ. ಸಂಜೆಯಿಂದ ನಮ್ಮ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದಾರೆ, ನಾನೂ ಎರಡು ಸಲ ಆ ಕಡೆ ನೋಡಿದೆ. ನಾಳೆ ಹತ್ತು ಜನಕ್ಕೆ 'ಪ್ರವಚನ ಚೆನ್ನಾಗಿತ್ತು' ಅಂತ ಹೇಳಬೇಡಿ. ಏನು ಹೇಳಿದರು ಅಂತ ಒಬ್ಬರಿಗೆ ಹೇಳಿ, ಸಾಕು.

ಮಲ್ಲಿಗೆ ಏನಾಯಿತು ಅಂತ ಆ ತಾಯಿ ಆಗಿನಿಂದ ಕೈಸನ್ನೆ ಮಾಡುತ್ತಿದ್ದಾರೆ. ಹೇಳುತ್ತೇನೆ. ಪತ್ರಿಕೆಗೆ ಮರುವರ್ಷದ ಎಣಿಕೆಯಲ್ಲಿ ಸೊನ್ನೆ ದಶಮಾಂಶ ಐದು ಬಂತು, ಸಮಿತಿ ಮತ್ತೊಂದು ವರ್ಷ ನೋಡೋಣ ಎಂದಿತು. ಏಳು ಕುಂಡದಲ್ಲಿ ಎರಡು ಒಣಗಿದವು. ಐದನ್ನು ಆಕೆ ಬುಡದವರೆಗೆ ಕತ್ತರಿಸಿದರು, ಲೀಟರಿಗೆ ಐದು ಮಿಲಿಯಂತೆ ಗಂಡನ ಕೈಯಲ್ಲೇ ಔಷಧಿ ಹೊಡೆಸಿದರು. ಯುಗಾದಿಯ ದಿನ ಮೂರು ಮೊಳ ಹೂವಾಯಿತು.