ಏಳನೇ ಅಧ್ಯಾಯದ ನಲ್ಲಿ

ಹಲ್ಲಿನ ಡಾಕ್ಟರಿಗಾಗಿ ಕಾಯುವ ಕೋಣೆಯಲ್ಲಿ ಆ ಬೆಳಿಗ್ಗೆ ಇತ್ಯರ್ಥವಾಗಬೇಕಿದ್ದ ಮಹತ್ವದ ಪ್ರಶ್ನೆ, ಒಂದು ನಲ್ಲಿ ತೆರೆದಿರಬೇಕೋ ಬೇಡವೋ ಎಂಬುದು. ನಲ್ಲಿ ಇದ್ದದ್ದು ಕಾದಂಬರಿಯೊಳಗೆ. ಅದನ್ನು ಬರೆದವರು ನನ್ನೆದುರು ಕುಳಿತಿದ್ದ, ಹದಿಹರೆಯದವರಿಗಾಗಿ ಬರೆಯುವ ಲೇಖಕಿ. ತಕರಾರು ಎತ್ತಿದವಳು ದವಡೆ ಹಿಡಿದುಕೊಂಡಿದ್ದ ಅವರ ಅಕ್ಕನ ಮಗಳು.

"ಏಳನೇ ಅಧ್ಯಾಯದಲ್ಲಿರೋಳು ನಾನೇ ಅಲ್ವಾ, ಚಿಕ್ಕಮ್ಮ?"

"ನೀನಲ್ಲ ಕಣೇ. ಅವಳಿಗೆ ಕನ್ನಡಕ ಇದೆ."

"ಕನ್ನಡಕ ಹಾಕಿಬಿಟ್ರೆ ಆಗೋಯ್ತಾ? ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳೋದು ಸ್ಕೂಲಿಗೆಲ್ಲ ನಾನೊಬ್ಬಳೇ. ನಿನಗೆ ನಂಬಿ ಹೇಳಿದ್ದೆ."

"ಹೇಳುವಾಗ ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತಲ್ಲ."

"ಸಾಮಾನಿನ ಪಟ್ಟಿ ಬರೀತಿದ್ದೀಯ ಅಂದ್ಕೊಂಡೆ."

"ನನಗೆ ಹದಿನೈದು ತುಂಬಿ ಮೂವತ್ತು ವರ್ಷ ಆಯ್ತು. ನೀನು ಬಾಯಿ ಬಿಡದೆ ನನ್ನ ಪೆನ್ನು ಏಳಲ್ಲ."

"ನನ್ನ ಹತ್ರ ಮಾತು ಬಿಟ್ಟಿದ್ದಾಳಲ್ಲ ನನ್ನ ಫ್ರೆಂಡು, ಅವಳು ನಿನ್ನ ಪುಸ್ತಕ ಒಂದನ್ನೂ ಬಿಡಲ್ಲ. ನಲ್ಲಿ ವಿಷಯ ಅವಳಿಗೆ ಗೊತ್ತು. ನಾನು ಅತ್ತಿದ್ದು ಅವಳಿಗೋಸ್ಕರ ಅಂತ ತಿಳಿದುಬಿಡುತ್ತೆ."

"ತಿಳಿದ್ರೆ ಕೆಟ್ಟದ್ದಾ?"

ಹುಡುಗಿ ದವಡೆಯಿಂದ ಕೈ ತೆಗೆದಳು.

"ತಿಳೀಲಿ. ಆದ್ರೆ ನಿನ್ನ ಪುಸ್ತಕಕ್ಕಿಂತ ಮುಂಚೆ ನಾನೇ ಹೇಳ್ಬೇಕು. ಯಾವಾಗ ಬರುತ್ತೆ?"

"ಇವತ್ತು ಪ್ರೆಸ್ಸಿಗೆ ಹೋಗುತ್ತೆ."

"ಒಂದು ವಾರ ನಿಲ್ಸು."

"ಪ್ರಕಾಶಕರು ನನ್ನ ಹಲ್ಲು ಉದುರಿಸ್ತಾರೆ."

"ಹೆಂಗೂ ಇಲ್ಲೇ ಇದ್ದೀವಲ್ಲ."

ಅಷ್ಟರಲ್ಲಿ ನರ್ಸ್ ಹುಡುಗಿಯನ್ನು ಕರೆದರು. ಅವಳ ಜೊತೆ ಒಳಗೆ ಹೋಗುತ್ತಲೇ ಲೇಖಕಿ ಪ್ರಕಾಶಕರಿಗೆ ಫೋನ್ ಮಾಡಿ, ಒಂದು ಅಧ್ಯಾಯ ಇನ್ನೂ ಮುಗಿದಿಲ್ಲವೆಂದು ಸುಳ್ಳು ಹೇಳಿ ಒಂದು ವಾರ ಕೇಳಿದರು. ಮೂರು ದಿನ ಸಿಕ್ಕಿತು.